ಬೂಷ್ಟಿಗೆ ಕಬ್ಬಿಣ ಉಣಿಸಿದವರು

ಕಂತು: ಒಂಬತ್ತು

“ಅವ್ವಾ, ಆ ಟಗರಿನ ಮುಂದೆ ನಿಂತ್ಕಬ್ಯಾಡ್ರಿ. ಅದಕ್ಕೆ ಹೊಸಬರನ್ನ ಕಂಡ್ರೆ ಆಗಲ್ಲ.”

ಕುರಿ ಕಾಯುವ ಕ್ಯಾತಪ್ಪ ಹೇಳಿ ಮುಗಿಸುವಷ್ಟರಲ್ಲಿ ಟಗರು ತಲೆ ತಗ್ಗಿಸಿಯೇ ಬಿಟ್ಟಿತ್ತು. ಗೀತಮ್ಮ ಎರಡೇ ಹೆಜ್ಜೆಗೆ ಜೀಪಿನ ಹತ್ತಿರ ಹಾರಿ, ಬಾನೆಟ್ಟಿಗೆ ಬೆನ್ನು ಹಚ್ಚಿ ನಿಂತಳು. ಚಳ್ಳಕೆರೆಯ ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತೇಳು ವರ್ಷ ಕಂಡವರ ರಕ್ತ, ಕಫ ಎಲ್ಲ ಪರೀಕ್ಷೆ ಮಾಡಿದ ಗಟ್ಟಿಗಿತ್ತಿ. ಸೂಕ್ಷ್ಮದರ್ಶಕದ ಕೆಳಗೆ ಎಂಥ ಪ್ರಾಣಿ ಬಂದರೂ ಅಂಜುವವಳಲ್ಲ. ಆದರೆ ಕೊಂಬಿರುವ ಪ್ರಾಣಿಯ ವಿಷಯ ಬೇರೆ.

“ನಗಬೇಡ್ರಿ ನೀವು,” ಎಂದು ಗಂಡನ ಮೇಲೆ ಹರಿಹಾಯ್ದಳು.

“ನಾನೆಲ್ಲಿ ನಕ್ಕೆ? ಮೀಸೆ ಸರಿ ಮಾಡ್ಕೊಂಡೆ,” ಎಂದರು ಎಎಸ್‌ಐ ಹನುಮಂತರಾಜು. ಮೂವತ್ತು ವರ್ಷ ಸಂಸಾರ ಮಾಡಿದ ಮೇಲೆ ಗಂಡಸಿಗೆ ಇಷ್ಟಾದರೂ ಜಾಣತನ ಬರುತ್ತದೆ.

ನಗುವ ದಿನವೇನೂ ಅಲ್ಲ ಅದು. ಕ್ಯಾತಪ್ಪನ ಹೆಂಡತಿ ಬೊಮ್ಮಕ್ಕನ ಮುಖದೊಳಗೆ ಹತ್ತು ದಿನದಿಂದ ಕಪ್ಪು ಬೂಷ್ಟು ಹಬ್ಬುತ್ತಿತ್ತು. ಸೊಸೆ ಸ್ವಪ್ನ ಅತ್ತೆಗೆ ಕದ್ದು ವಿಷದ ಸೂಜಿ ಹಾಕಿದ್ದಾಳೆಂದು ಬೊಮ್ಮಕ್ಕನ ಅಣ್ಣ ಯತ್ತಪ್ಪ ಠಾಣೆಯಲ್ಲಿ ದೂರು ಬರೆದು ಕೊಟ್ಟಿದ್ದ.

ಸ್ವಪ್ನ ಬೆಳಿಗ್ಗೆಯಿಂದ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ಚಹಾ ಕೊಟ್ಟರೆ ಕುಡಿಯಲಿಲ್ಲ, ಕೇಳಿದರೆ ಬಾಯಿ ಬಿಡಲಿಲ್ಲ. ಅವಳ ಪೆಟ್ಟಿಗೆಯಲ್ಲಿ ಸಿಕ್ಕ ಚೀಟಿ ಕಿತ್ತ ಬಾಟಲಿ, ಅದರೊಳಗಿನ ಕಂದು ಬಣ್ಣದ ದ್ರವ, ಎರಡು ಸಿರಿಂಜು, ಎಲ್ಲವೂ ಮೇಜಿನ ಮೇಲಿದ್ದವು. “ಇದು ಯಾವುದಮ್ಮಾ?” ಎಂದು ಹನುಮಂತರಾಜು ಹತ್ತು ಸಲ ಕೇಳಿದರು. ಅವಳು ಹತ್ತು ಸಲವೂ ಸೆರಗಿನಿಂದ ಕಣ್ಣೊರೆಸಿಕೊಂಡಳು, ಅಷ್ಟೇ.

“ತಪ್ಪು ಮಾಡಿದೋರು ಹಿಂಗೆ ಕೂರಲ್ಲ ಗೀತಾ,” ಎಂದಿದ್ದರು ಅವರು ದಾರಿಯಲ್ಲಿ. “ಬಾಯಿಗೆ ಬಂದಂಗೆ ಸುಳ್ಳು ಹೇಳ್ತಾರೆ. ಈ ಹುಡುಗಿ ಯಾರನ್ನೋ ಕಾಪಾಡ್ತಾ ಇದಾಳೆ.”

ಗೀತಮ್ಮನಿಗೂ ಹಾಗೇ ಅನಿಸಿತ್ತು. ಆದರೆ ಅವಳ ತಲೆಯಲ್ಲಿ ಕೂತಿದ್ದುದು ಶೃತಿ ಡಾಕ್ಟರು ನಿನ್ನೆ ಲ್ಯಾಬಿನಲ್ಲಿ ಹೇಳಿದ ಮಾತು.

ಬೊಮ್ಮಕ್ಕನ ಮೂಗಿನಿಂದ ತೆಗೆದ ಕಪ್ಪು ಚೂರನ್ನು ಗೀತಮ್ಮ ಗಾಜಿನ ಮೇಲೆ ಹರಡಿ ನೋಡಿದ್ದಳು. ಅಗಲವಾದ, ನಡುವೆ ಗೆಣ್ಣಿಲ್ಲದ ಎಳೆಗಳು ಹಳೇ ಲಾಡಿಯ ಹಾಗೆ ಮುದುಡಿಕೊಂಡು ಬಿದ್ದಿದ್ದವು. ಬ್ಲ್ಯಾಕ್ ಫಂಗಸ್ ಎಂದು ನೋಡಿದ ಕೂಡಲೇ ಗೊತ್ತಾಗಿತ್ತು. ಕೊರೊನಾದ ಎರಡನೇ ಅಲೆಯಲ್ಲಿ ಇವನ್ನೇ ನೋಡಿ ನೋಡಿ ಅವಳ ಕಣ್ಣು ಸೋತಿತ್ತು.

ಆಶ್ಚರ್ಯದ ಸಂಗತಿ ಇನ್ನೊಂದು ಕಾಗದದಲ್ಲಿತ್ತು. ಮೂರು ತಿಂಗಳ ಹಿಂದೆ ಇದೇ ಬೊಮ್ಮಕ್ಕ ನನ್ನಿವಾಳದ ಆರೋಗ್ಯ ಶಿಬಿರಕ್ಕೆ ಬಂದಿದ್ದಳು. ಆಗ ಮೈಯಲ್ಲಿ ಕಬ್ಬಿಣವೇ ಇರಲಿಲ್ಲ, ರಕ್ತಹೀನತೆ, ಜೊತೆಗೆ ಸಕ್ಕರೆ ಕಾಯಿಲೆ. ಈಗ ನೋಡಿದರೆ ಕಬ್ಬಿಣ ತುಂಬಿ ತುಳುಕುತ್ತಿತ್ತು. ಗೀತಮ್ಮ ಪರೀಕ್ಷೆಯನ್ನು ಎರಡು ಸಲ ಮಾಡಿ, ಆ ಸಂಖ್ಯೆಯ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದು ಫೈಲಿಗೆ ಸೇರಿಸಿದ್ದಳು. ಒಳ್ಳೇ ಹುಲಿ ಹಿಡಿದವರ ಹಾಗೆ ಬೀಗಿದ್ದಳು ಕೂಡ.

“ಬದುಕೋ ಪ್ರತಿ ಜೀವಕ್ಕೂ ಕಬ್ಬಿಣ ಬೇಕು ಗೀತಮ್ಮ, ಬೂಷ್ಟಿಗೂ ಬೇಕು,” ಎಂದಿದ್ದರು ಶೃತಿ. “ನಮ್ಮ ದೇಹಕ್ಕೆ ಅದು ಗೊತ್ತು. ಅದಕ್ಕೇ ಕಬ್ಬಿಣನ ಪ್ರೋಟೀನಿನೊಳಗೆ ಬಿಗಿಯಾಗಿ ಹಿಡಿದಿಟ್ಕೊಂಡಿರ್ತದೆ. ಒಂದು ಕಣವೂ ಬಿಡಿಯಾಗಿ ಸಿಗಬಾರದು. ಬೂಷ್ಟು ಸುಮ್ಮನಿರ್ತದಾ? ಕಬ್ಬಿಣಕ್ಕೆ ಅಂಟಿಕೊಳ್ಳೋ ಸಣ್ಣ ವಸ್ತುಗಳನ್ನ ತಾನೇ ತಯಾರಿಸಿ ಹೊರಗೆ ಬಿಡ್ತದೆ. ಅವು ಕಬ್ಬಿಣ ಹಿಡ್ಕೊಂಡ ಮೇಲೆ ವಾಪಸ್ ಒಳಗೆ ಎಳ್ಕೊಳ್ತದೆ.”

“ಕದಿಯೋಕೆ ಆಳು ಇಟ್ಕೊಂಡಿದೆ ಅನ್ನಿ.”

“ಹಾಗೇ ಅನ್ಕೊಳ್ಳಿ. ಸಕ್ಕರೆ ಮಿತಿ ಮೀರಿ ರಕ್ತ ಹುಳಿಯಾದ್ರೆ ದೇಹದ ಹಿಡಿತ ಸಡಿಲ ಆಗ್ತದೆ, ಕಳ್ಳನಿಗೆ ಸುಲಭ. ಈಕೆಗೆ ಅದೂ ಆಗಿದೆ, ಮೇಲಿಂದ ಯಾರೋ ಕಬ್ಬಿಣ ಸುರೀತಾ ಇದಾರೆ. ಯಾರು, ಏನು, ಎಷ್ಟು ಅಂತ ಗೊತ್ತಾಗಲೇಬೇಕು. ನಿಲ್ಲಿಸದೇ ಹೋದ್ರೆ ಇವತ್ತು ಕಣ್ಣು, ನಾಳೆ ಮಿದುಳು. ಆಮೇಲೆ ಬೊಮ್ಮಕ್ಕ ಉಳಿಯೋದಿಲ್ಲ.”

ದಾವಣಗೆರೆಯಲ್ಲಿ ಆಪರೇಷನ್ನಿಗೆ ಮಾತಾಗಿತ್ತು. ಅಷ್ಟರಲ್ಲಿ ಇವತ್ತು ಬೆಳಿಗ್ಗೆ ಯತ್ತಪ್ಪ ಬಂದು, “ಪೊಲೀಸಪ್ಪ ಗಂಡ, ಆಸ್ಪತ್ರೆಯಾಕೆ ಹೆಂಡ್ತಿ, ಇಬ್ಬರೂ ಆ ಸೊಸೆ ಕಡೀಗೇ ಅದೀರಿ” ಎಂದು ಕೂಗಾಡಿ, ತಂಗಿಯನ್ನು ಕಾರಿನಲ್ಲಿ ಮಲಗಿಸಿಕೊಂಡು ಬಳ್ಳಾರಿಯ ಯಾವುದೋ ನರ್ಸಿಂಗ್ ಹೋಮಿಗೆ ಹೊರಟುಹೋಗಿದ್ದ. ಕೈಗೆ ಸಿಕ್ಕ ಫೈಲನ್ನೂ ಎತ್ತಿಕೊಂಡಿದ್ದ. ಗೀತಮ್ಮ ಗೇಟಿನ ತನಕ ಬೈಯುತ್ತಾ ಓಡಿದ್ದಳು. ಕಾರು ನಿಲ್ಲಲಿಲ್ಲ.

ಕಬ್ಬಿಣ ಸುರಿದವರು ಯಾರೆಂದು ಮನೆಯವರನ್ನೇ ಕೇಳಲು ಈಗ ಇಲ್ಲಿ, ಬ್ರಹ್ಮಗಿರಿಯ ಬುಡದಲ್ಲಿ, ಶೇಂಗಾ ಕಿತ್ತ ಹೊಲದಲ್ಲಿ, ಮಧ್ಯಾಹ್ನ ಮೂರೂವರೆಯ ಬಿಸಿಲಲ್ಲಿ, ಇನ್ನೂರು ಕುರಿಗಳ ನಡುವೆ ಅವರಿಬ್ಬರೂ ನಿಂತಿದ್ದರು.

“ಹೆಂಡ್ತಿ ಹಂಗೆ ಮಲಗಿದ್ರೆ ನೀವು ಇಲ್ಲಿ ಕುರಿ ಕಾಯ್ತೀರಲ್ಲ ಯಜಮಾನ್ರೇ?” ಎಂದಳು ಗೀತಮ್ಮ. ಬೇಕೆಂದೇ ಚುಚ್ಚಿದಳು.

ಕ್ಯಾತಪ್ಪ ಕೋಲೂರಿ ಅವಳ ಕಡೆ ತಿರುಗಿದ. ಅರವತ್ತೈದರ ಮುದುಕ, ಒಣಗಿದ ಜಾಲಿಯ ಹಾಗೆ ಕಾಣುವ ಆಳು. “ಭಾವ ಒಳಗೆ ಬಿಡ್ಲಿಲ್ರಿ. ಮಗ ಈರೇಶ ಬಳ್ಳಾರಿಯಾಗೇ ಗೇಟಿನ ತಾವ ಕುಂತವ್ನೆ, ಅವನಿಗೂ ಬಾಗಿಲಿಲ್ಲ. ನಾನು ಅಲ್ಲಿ ನಿಂತು ಅತ್ರೆ ಇವಕ್ಕೆ ನೀರು ಕುಡಿಸೋರು ಯಾರು? ಇವೂ ಮೂಕ ಪ್ರಾಣಿ.”

ಹಾಗೆನ್ನುತ್ತಲೇ ಅವನು ಗುಂಪಿನಿಂದ ಒಂದು ಸೊರಗಿದ ಕುರಿಯ ಹಿಂಗಾಲು ಹಿಡಿದು ಎಳೆದುಕೊಂಡ. ಮೊಣಕಾಲುಗಳ ನಡುವೆ ಇರುಕಿಸಿಕೊಂಡು, ಹೆಬ್ಬೆರಳಿನಿಂದ ಅದರ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಕ್ಕೆ ಎಳೆದ.

“ನೋಡ್ರಿ, ಬೆಳ್ಳಗೈತೆ. ರಕ್ತ ಇಲ್ಲ. ಹೊಟ್ಟೆಯಾಗೆ ಹುಳ ಸೇರ್ಕಂಡು ಕುಡೀತಾವೆ.”

ಹೆಗಲ ಚೀಲದಿಂದ ಒಂದು ಬಾಟಲಿ ತೆಗೆದ. ಕಂದು ದ್ರವ, ಕಷಾಯದಂತೆ ಗಟ್ಟಿ. ಸಿರಿಂಜಿಗೆ ಎಳೆದು, ಕುರಿಯ ಕುತ್ತಿಗೆಯ ಪಕ್ಕಕ್ಕೆ ಚುಚ್ಚಿ, ಆ ಜಾಗವನ್ನು ತಿಕ್ಕಿದ. ಆಮೇಲೆ ಬಣ್ಣದ ಡಬ್ಬಿಗೆ ಕಡ್ಡಿ ಅದ್ದಿ ಕುರಿಯ ಬೆನ್ನಿಗೆ ಒಂದು ಹಸಿರು ಬೊಟ್ಟಿಟ್ಟು, “ಹೋಗು ತಾಯಿ, ನಡಿ ನಡಿ” ಎಂದು ಬಿಟ್ಟುಕೊಟ್ಟ.

ಗೀತಮ್ಮ ಆ ಕುರಿಯ ಹಿಂದೆಯೇ ಎರಡು ಹೆಜ್ಜೆ ಹೋದಳು.

“ಆ ಹಸಿರು ಬೊಟ್ಟು ಯಾಕೆ?”

“ಗುರುತು ಅವ್ವ. ಯಾವುದಕ್ಕೆ ಸೂಜಿ ಆಗೈತೆ, ಯಾವುದಕ್ಕಿಲ್ಲ ಅಂತ ಗೊತ್ತಾಗಬೇಕಲ್ಲ. ಒಂದಕ್ಕೇ ಎರಡೆರಡು ಸಲ ಬಿದ್ರೆ ತಡೀತಾವಾ?”

“ಏನು ಔಷಧಿ ಅದು?”

“ರಕ್ತದ್ದು. ದನದ ಔಷಧಿ ಅಂಗಡಿಯಾಗೆ ಕೊಡ್ತಾರೆ. ಕಬ್ಬಿಣದ ಸತ್ವ ಅಂತೆ.”

ಬೊಮ್ಮಕ್ಕನ ಎಡತೋಳಿನ ಮೇಲೆ ತುಕ್ಕು ಹಿಡಿದಂಥ ಒಂದು ಕಂದು ಮಚ್ಚೆ ಇತ್ತು. ಅದೇನೆಂದು ಗೀತಮ್ಮ ಕೇಳಿದಾಗ ಬೊಮ್ಮಕ್ಕ, ಊದಿದ ಕೆನ್ನೆಯೊಳಗಿನಿಂದಲೇ, “ಚೇಳು ಕಡಿದಿತ್ತು ಕಣವ್ವ” ಎಂದಿದ್ದಳು. ಅವಳು ಹೊದ್ದಿದ್ದ ಕರಿಕಂಬಳಿಯ ಮೂಲೆಯಲ್ಲಿ ಸಾಲಾಗಿ ಆರು ಹಸಿರು ಬೊಟ್ಟುಗಳಿದ್ದವು. ನೇಯ್ದವರ ಗುರುತಿರಬೇಕು ಎಂದುಕೊಂಡು ಗೀತಮ್ಮ ಅದನ್ನು ಮಡಿಸಿಟ್ಟಿದ್ದಳು. ಇಪ್ಪತ್ತೇಳು ವರ್ಷದ ಸರ್ವೀಸಿಗೆ ಬೆಂಕಿ ಹಾಕ, ಎಂದು ಈಗ ತನ್ನನ್ನೇ ಬೈದುಕೊಂಡಳು.

ಗಂಡನ ಕಡೆ ನೋಡಿದಳು. ಹನುಮಂತರಾಜು ಮೀಸೆಯಿಂದ ಕೈ ತೆಗೆದಿದ್ದರು. ಅವರಿಗೂ ಅರ್ಥವಾಗಿತ್ತು.

“ಯಜಮಾನ್ರೇ,” ಎಂದಳು ಗೀತಮ್ಮ. ಈ ಸಲ ದನಿಯಲ್ಲಿ ಚುಚ್ಚು ಇರಲಿಲ್ಲ. “ಬೊಮ್ಮಕ್ಕನ ಕಂಬಳಿ ಮೂಲೆಗೆ ಆರು ಹಸಿರು ಬೊಟ್ಟು ಅದಾವೆ. ಅವನ್ನ ಇಟ್ಟೋರು ಯಾರು?”

ಕ್ಯಾತಪ್ಪ ಡಬ್ಬಿಯ ಮುಚ್ಚಳ ಹಾಕುತ್ತಿದ್ದ. ಹಾಕಿ ಮುಗಿಸಿದ. ಮತ್ತೆ ತೆಗೆದ. ಮತ್ತೆ ಹಾಕಿದ.

“ನಾನೇ,” ಎಂದ.

ಒಂದು ಮರಿ ಅವನ ಪಂಚೆಯ ಚುಂಗು ಜಗಿಯುತ್ತಿತ್ತು. ಅವನು ಬಿಡಿಸಿಕೊಳ್ಳಲಿಲ್ಲ.

“ಒಲೆ ಮುಂದೆ ಕುಂತಲ್ಲೇ ತೂಕಡಿಸ್ತಿದ್ಲು ಕಣವ್ವ. ಒಂದು ಕೊಡ ನೀರು ಎತ್ತಿದ್ರೆ ಏದುಸಿರು. ಆಸ್ಪತ್ರೇರು ಗುಳಿಗೆ ಕೊಟ್ಟಿದ್ರು, ವಾಂತಿ ಬರ್ತದೆ ಅಂತ ಎಸೆದ್ಲು. ಒಂದಿನ ಬಿಸ್ಲಿಗೆ ಕುಂದರ್ಸಿ ರೆಪ್ಪೆ ಎಳೆದು ನೋಡ್ದೆ. ಅಯ್ಯೋ ನಾಯನಾ, ಸುಣ್ಣ ಬಳಿದಂಗೆ ಇತ್ತು. ಕುರಿಗಾದ್ರೆ ಒಂದು ಸೂಜಿ ಹಾಕಿದ್ರೆ ವಾರಕ್ಕೆ ಎದ್ದು ಮೇಯಕ್ಕೆ ಹೋಗ್ತಾವೆ. ನನ್ನ ಬೊಮ್ಮಿ ಕುರಿಗಿಂತ ಕಡಿಮೇನಾ?”



“ಅವಳು ಒಪ್ಪಿದ್ಲಾ?” ಎಂದು ಹನುಮಂತರಾಜು ಕೇಳಿದರು.

“ಬೈದ್ಲು. ‘ನಾನೇನು ನಿನ್ನ ಮಂದೆ ಕುರಿಯಾ ಮುದುಕಾ’ ಅಂದ್ಲು. ಆಮೇಲೆ ತೋಳು ಕೊಟ್ಲು. ಸೂಜಿ ಆದ ಮೇಲೆ ನಗಾಡಿ, ‘ಎಲ್ಲಿ ನನ್ನ ಗುರುತು, ಹಾಕಲ್ವಾ?’ ಅಂದ್ಲು. ಅವಳ ಮೈಗೆ ಬಣ್ಣ ಬಳಿಯಕ್ಕಾಗ್ತದಾ ಸ್ವಾಮಿ? ಕಂಬಳಿಗೆ ಇಟ್ಟೆ. ವಾರಕ್ಕೊಂದು, ಆರು ವಾರ.”

“ಬಾಟಲಿ ಸ್ವಪ್ನನ ಪೆಟ್ಟಿಗೆಯಾಗೆ ಹೆಂಗೆ ಹೋಯ್ತು?”

“ಮನೇಲಿ ಮಮ್ಮಕ್ಕಳು ಓಡಾಡ್ತಾವೆ. ಅವಳ ಪೆಟ್ಟಿಗೆಗೆ ಬೀಗ ಐತೆ, ನಾನೇ ಇಡು ಅಂತ ಕೊಟ್ಟೆ. ಕುರಿ ಬೊಂಬೆ ಇರೋ ಚೀಟಿ ನೋಡಿದ್ರೆ ಬೊಮ್ಮಿ ನಗ್ತಾಳೆ ಅಂತ ಕಿತ್ತಿದ್ದೂ ನಾನೇ. ಆ ಸೊಸೆ ಮಗಿಗೆ ಎಲ್ಲಾ ಗೊತ್ತು. ಒಂದಿನ ನೋಡಿ, ‘ಮಾವ, ಬ್ಯಾಡ’ ಅಂತ ಕೈ ಹಿಡ್ಕಂಡ್ಲು. ನಾನೇ ಕೇಳ್ಲಿಲ್ಲ.”

ಅಂದರೆ ಸ್ವಪ್ನ ಬೆಳಿಗ್ಗೆಯಿಂದ ಬಾಯಿ ಹೊಲಿದುಕೊಂಡು ಕೂತಿದ್ದು ಈ ಮುದುಕನಿಗಾಗಿ. ಬೊಮ್ಮಕ್ಕ ಚೇಳಿನ ಕಥೆ ಕಟ್ಟಿದ್ದು ಈ ಮುದುಕನಿಗಾಗಿ. ಒಂದು ಮನೆಯಲ್ಲಿ ಇಷ್ಟೊಂದು ಪ್ರೀತಿ ಇದ್ದರೆ ಪೊಲೀಸರು ಪತ್ತೆ ಮಾಡುವುದಾದರೂ ಹೇಗೆ, ನೀವೇ ಹೇಳಿ.

“ಅವ್ವಾ, ಅವಳಿಗೆ ಬಂದಿರೋದು ಸೈನಸ್ಸು ಅಂದ್ರಲ್ಲ? ಸೂಜಿಗೂ ಅದಕ್ಕೂ ಏನು ಸಂಬಂಧ?”

ಹೇಳಬಾರದೆಂದು ಗೀತಮ್ಮನ ಮನಸ್ಸು. ಹೇಳದೆ ಬಿಡುವ ಹಾಗಿರಲಿಲ್ಲ. ಅವನ ಎದುರು ಮಣ್ಣಿನ ಮೇಲೆ ಕೂತು ಹೇಳಿದಳು. ಮೂಗಿನೊಳಗೆ ಬೂಷ್ಟು ಸೇರಿದೆ, ಅದಕ್ಕೆ ಕಬ್ಬಿಣವೇ ಮೇವು, ಆ ಮೇವು ಸಿಕ್ಕಷ್ಟೂ ಅದು ಒಳಗೊಳಗೆ ಬೆಳೆಯುತ್ತದೆ.

 ಕ್ಯಾತಪ್ಪ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

“ಈ ಕೈಯಾಗೇ ಹಾಕಿದ್ನಲ್ಲವ್ವಾ,” ಎಂದು ಮುಖ ಮುಚ್ಚಿಕೊಂಡ.

ಗೀತಮ್ಮನಿಗೆ ಅಳು ಬಂತು. ಅವಳದು ಅಳುವ ಜಾಯಮಾನವಲ್ಲ. ಆದರೂ ಬಂತು. ಪಕ್ಕದಲ್ಲಿ ನಿಂತ ತನ್ನ ಗಂಡನೂ, ತನಗೆ ಜ್ವರ ಬಂದಾಗ ಮೂರು ಬಗೆಯ ಗುಳಿಗೆ ಒಟ್ಟಿಗೆ ತಂದು ‘ಎಲ್ಲಾ ನುಂಗು’ ಎನ್ನುವ ಜಾತಿಯವನೇ ಅಲ್ಲವೇ?

“ಏಳ್ರಿ ಯಜಮಾನ್ರೇ,” ಎಂದು ಅವನ ತೋಳು ಹಿಡಿದಳು. “ನಿಮಗೆ ಗೊತ್ತಿರ್ಲಿಲ್ಲ. ಆರು ಸೂಜಿ ಅಂತ ಗೊತ್ತಾಯ್ತಲ್ಲ, ಇನ್ನು ನಿಲ್ತದೆ. ಬೂಷ್ಟಿಗೆ ಔಷಧಿ ಐತೆ, ಆಪರೇಷನ್ ಐತೆ. ಬೊಮ್ಮಕ್ಕನ್ನ ಉಳಿಸ್ಕೊಳ್ಳೋಣ.”

ಹನುಮಂತರಾಜು ಆಗಲೇ ಠಾಣೆಗೆ ಫೋನು ಹಚ್ಚಿದ್ದರು. “ಮಾರುತಿ, ಆ ಹುಡುಗೀನ ಮನೆಗೆ ಕಳ್ಸಲೇ. ಮೊದ್ಲು ಊಟ ಮಾಡ್ಸು. ಮಾವ ಎಲ್ಲಾ ಹೇಳಿದ್ರು ಅನ್ನು, ಆಗ ಉಣ್ತಾಳೆ.”

ಗೀತಮ್ಮ ಶೃತಿ ಡಾಕ್ಟರಿಗೆ ಹೇಳಲೆಂದು ಫೋನು ತೆಗೆಯುವಷ್ಟರಲ್ಲಿ ಅದು ತಾನೇ ರಿಂಗಾಯಿತು. ಶೃತಿಯೇ.

“ಮೇಡಂ, ಸಿಕ್ತು! ಕಳ್ಳ ಗಿಳ್ಳ ಯಾರೂ ಇಲ್ಲ—”

“ಗೀತಮ್ಮ, ಮೊದ್ಲು ನನ್ನ ಮಾತು ಕೇಳಿ.” ಶೃತಿಯ ದನಿ ಓಡಿಬಂದವರ ದನಿ. “ಬಳ್ಳಾರಿ ನರ್ಸಿಂಗ್ ಹೋಮಿಂದ ಲ್ಯಾಬಿಗೆ ಫೋನ್ ಮಾಡಿದ್ರಂತೆ, ಕಬ್ಬಿಣದ ರಿಪೋರ್ಟು ಸರಿ ಇದೆಯಾ ಅಂತ. ಅಟೆಂಡರ್ ಹೌದು ಅಂದಿದ್ದಾನೆ. ತಂಗಿಗೆ ಕಬ್ಬಿಣದ ವಿಷ ಹಾಕಿದಾರೆ ಅಂತ ಯತ್ತಪ್ಪ ಅಲ್ಲಿ ಹೇಳಿದಾನೆ. ಅದಕ್ಕೆ ಕಬ್ಬಿಣ ಇಳಿಸೋ ಇಂಜೆಕ್ಷನ್ ಬರೆದಿದಾರೆ. ನಾಲ್ಕು ಗಂಟೆಗೆ ಹಾಕ್ತಾರಂತೆ.”

“ಇಳಿಸೋದು ಒಳ್ಳೇದೇ ಅಲ್ವಾ ಮೇಡಂ?”

“ಬೇರೆಯವರಿಗೆ ಒಳ್ಳೇದು. ಈಕೆಗೆ ಅಲ್ಲ! ಆ ಔಷಧಿ ಕಬ್ಬಿಣಕ್ಕೆ ಹೋಗಿ ಅಂಟಿಕೊಳ್ತದೆ, ಹೊರಗೆ ತರೋಕೆ. ಆದ್ರೆ ಈ ಬೂಷ್ಟಿಗೆ ಆ ಔಷಧಿಯಿಂದಲೇ ಕಬ್ಬಿಣ ಕಿತ್ಕೊಳ್ಳೋಕೆ ಬರ್ತದೆ. ದೇಹ ಬಿಗಿಯಾಗಿ ಹಿಡಿದಿಟ್ಟಿದ್ದನ್ನೂ ಬಿಡಿಸಿ ತಂದು ಅದರ ಬಾಯಿಗೆ ಇಟ್ಟಂಗೆ ಆಗ್ತದೆ. ಇಲ್ಲೀತನಕ ಹತ್ತು ದಿನಕ್ಕೆ ಆದಷ್ಟು ಇನ್ನು ಎರಡೇ ದಿನಕ್ಕೆ ಆದೀತು.”

“ಅವರಿಗೆ ಬೂಷ್ಟು ಅಂತ ಗೊತ್ತಿಲ್ವಾ?”

“ಹೇಗೆ ಗೊತ್ತಾಗ್ತದೆ? ನಿಮ್ಮ ಸ್ಲೈಡಿನ ರಿಪೋರ್ಟಿಗೆ ನನ್ನ ಸಹಿ ಆಗಿರ್ಲಿಲ್ಲ. ಅದು ಇನ್ನೂ ನಿಮ್ಮ ಡ್ರಾಯರ್‌ನಲ್ಲೇ ಇದೆ. ಫೈಲಿನಲ್ಲಿ ಹೋಗಿರೋದು ಕಬ್ಬಿಣದ್ದು ಮಾತ್ರ.”

ಕೆಂಪು ಪೆನ್ನಿನ ಎರಡು ಗೆರೆ ಗೀತಮ್ಮನ ಕಣ್ಣ ಮುಂದೆ ಬಂತು. 

ಶೃತಿ ಇನ್ನೂ ಹೇಳುತ್ತಿದ್ದರು: ಅಲ್ಲಿನ ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿದ್ದಾರೆ, ಮೊಬೈಲು ಸ್ವಿಚ್ ಆಫ್. ಕೌಂಟರಿನ ಫೋನು ಎತ್ತುವವರಿಲ್ಲ. ಈರೇಶನಿಗೆ ಹೇಳಿದ್ದಾಯಿತು, ಗೇಟಿನವನು ಅವನನ್ನು ತಳ್ಳಿದನಂತೆ. ಯತ್ತಪ್ಪ ಶೃತಿಯ ನಂಬರು ನೋಡಿ ಎರಡು ಸಲ ಕಟ್ ಮಾಡಿದ. ಹಾಸಿಗೆಯ ಪಕ್ಕದಲ್ಲಿ ಇರುವವನು ಅವನೊಬ್ಬನೇ. ಇಂಜೆಕ್ಷನ್ ಬೇಡ ಎನ್ನುವುದಿದ್ದರೆ ಅವನೇ ಎನ್ನಬೇಕು.

ಗಂಟೆ ಮೂರು ಐವತ್ತೆರಡು. ಬಳ್ಳಾರಿ ಇಲ್ಲಿಂದ ಒಂದು ತಾಸು.

ಹನುಮಂತರಾಜು ಬಳ್ಳಾರಿ ಠಾಣೆಗೆ ಮಾತಾಡಿದರು. ಆಳು ಕಳಿಸುತ್ತೇವೆ ಎಂದರು, ಇಪ್ಪತ್ತು ನಿಮಿಷವಾದರೂ ಬೇಕು ಎಂದರು. ಗೀತಮ್ಮನ ನಂಬರಿನಿಂದ ಯತ್ತಪ್ಪನಿಗೆ ಹಚ್ಚಿದರೆ ಕಟ್. ಹನುಮಂತರಾಜುವಿನದೂ ಕಟ್.

“ನಂದ್ರಾಗಿಂದ ಹಚ್ಚಿ ಕೊಡ್ರಿ,” ಎಂದ ಕ್ಯಾತಪ್ಪ.

ಗಂಡ ಹೆಂಡತಿ ಇಬ್ಬರೂ ಅವನ ಮುಖ ನೋಡಿದರು. ಯತ್ತಪ್ಪ ತನ್ನ ಮಗಳನ್ನು ಈರೇಶನಿಗೆ ಕೊಡಬೇಕೆಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಡಿಟ್ಟಿದ್ದ. ಈರೇಶ ಸ್ವಪ್ನನನ್ನು ಮೆಚ್ಚಿ ತಂದ. ಆವತ್ತಿನಿಂದ ಆರು ವರ್ಷ, ಭಾವ ಬಾಮೈದರ ನಡುವೆ ಒಂದು ಮಾತಿಲ್ಲ.

“ಎತ್ತತಾನಾ?” ಎಂದಳು ಗೀತಮ್ಮ.

“ನನ್ನ ಈಗಿನ ನಂಬರು ಅವನಿಗೆ ಗೊತ್ತಿಲ್ಲ. ಅವನದ್ದು ನನಗೆ ಬಾಯಿಪಾಠ ಐತೆ.”

ಮೂರನೇ ರಿಂಗಿಗೆ ಯತ್ತಪ್ಪ ಎತ್ತಿದ. ಗೀತಮ್ಮ ಸ್ಪೀಕರ್ ಒತ್ತಿದಳು. “ಯಾರು?”

“ಭಾವ, ನಾನು ಕ್ಯಾತ.”

ಕ್ಯಾತಪ್ಪ ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡ.

“ಇಡಬ್ಯಾಡ ಭಾವ, ನಿನ್ನ ಕಾಲಿಗೆ ಬೀಳ್ತೀನಿ. ಅವಳಿಗೆ ಈಗ ಹಾಕ್ತಾರಲ್ಲ, ಆ ಸೂಜಿ ಬ್ಯಾಡ ಅನ್ನು. ಅವಳ ಮೂಗಿನಾಗೆ ಇರೋದು ಬೂಷ್ಟು. ಆ ಸೂಜಿ ಹಾಕಿದ್ರೆ ಬೂಷ್ಟು ಇನ್ನೂ ಬೆಳೀತದೆ, ಅವಳು ಸಾಯ್ತಾಳೆ. ಸ್ವಪ್ನ ಏನೂ ಮಾಡಿಲ್ಲ. ಆರು ಸೂಜಿ ಚುಚ್ಚಿದೋನು ನಾನು. ಕುರಿ ಸೂಜಿ. ಈ ಕೈಯಾಗೇ ಹಾಕ್ದೆ. ನನ್ನ ಜೈಲಿಗೆ ಹಾಕ್ಸು, ಕಡಿದು ಹಾಕು, ಆದ್ರೆ ಅದನ್ನ ನಿಲ್ಸು.”

ಯತ್ತಪ್ಪ ನಕ್ಕ. ಸಿಟ್ಟಿನ ನಗುವಲ್ಲ, ಬೇಸತ್ತ ನಗು.

“ನೀನು? ಅವಳ ಕಾಲಿಗೆ ಮುಳ್ಳು ಚುಚ್ಚಿದ್ರೆ ಅಂಗಾಲು ತೊಡೆ ಮೇಲೆ ಇಟ್ಕಂಡು ಅಳ್ತಿದ್ದೋನು ನೀನು. ಆವಾಗ ನಾನೇ ನಗಾಡಿದೀನಿ ನಿನ್ನ ನೋಡಿ. ನೀನು ನನ್ನ ತಂಗಿಗೆ ವಿಷ ಚುಚ್ಚಿದೆ ಅಂದ್ರೆ ಆ ದೇವರೇ ಬಂದು ಹೇಳಿದ್ರೂ ನಾನು ನಂಬಲ್ಲ ಕ್ಯಾತ. ಸೊಸೇನ ಉಳಿಸಾಕೆ ಪೊಲೀಸ್ನೋರು ನಿನ್ನ ಕೈಲಿ ಹೇಳಿಸ್ತಾವ್ರೆ.”

“ಇಲ್ಲ ಭಾವ, ನನ್ನ ಮಕ್ಕಳಾಣೆ—”

“ಯತ್ತಪ್ಪನೋರೇ, ನಾನು ಗೀತಮ್ಮ! ಅವರು ಹೇಳ್ತಿರೋದು ನಿಜ!” ಎಂದು ಗೀತಮ್ಮ ಫೋನಿಗೆ ಬಾಯಿಟ್ಟು ಕೂಗಿದಳು.

“ನೋಡ್ದಾ? ಪಕ್ಕದಾಗೇ ಅವ್ಳೆ,” ಎಂದ ಯತ್ತಪ್ಪ.

ಅವನ ಮಾತಿನ ಹಿಂದೆ ಚಕ್ರದ ಟ್ರಾಲಿ ಉರುಳಿ ಬಂದು ನಿಂತ ಸದ್ದಾಯಿತು. ಯಾವುದೋ ಹುಡುಗಿಯ ದನಿ, “ಅಜ್ಜೀ, ಕೈ ಸಡ್ಲ ಬಿಡ್ರಿ, ಒಂದೇ ನಿಮಿಷ” ಎಂದಿತು. ಅದರ ಬೆನ್ನಿಗೇ ಇನ್ನೊಂದು ದನಿ, ನಿಧಾನ, ಊದಿದ ಕೆನ್ನೆಯೊಳಗಿನಿಂದ.

“ಯಾರಣ್ಣಾ ಫೋನು? ನಮ್ಮೋರಾ?”

“ಬೊಮ್ಮೀ!” ಎಂದು ಕ್ಯಾತಪ್ಪ ಕಿರುಚಿದ.

“ಯಾರೂ ಇಲ್ಲ ಕಣವ್ವ. ನೀನು ಕೈ ಕೊಡು,” ಎಂದ ಯತ್ತಪ್ಪ, ತಂಗಿಗೆ. ಫೋನು ಕಟ್ಟಾಯಿತು.